ಶೇ. 10 ಹಣ ಹಾಕಿದವರಿಗೆ ಲಾಭದಲ್ಲಿ ಸಿಗುವುದೆಷ್ಟು?

ಸ್ವತಂತ್ರ ಸಿನಿಮಾಗಳ ಒಪ್ಪಂದ ಮತ್ತು ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಮೊದಲ ಬಾರಿಗೆ ಹಣ ಹೂಡಲು ಹೊರಟವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಬಜೆಟ್ಟಿನ ಶೇ. 10ರಷ್ಟನ್ನು ನಾನು ಹಾಕುತ್ತೇನೆ, ಲಾಭದಲ್ಲೂ ಶೇ. 10 ನನ್ನದೇ ತಾನೆ?’ ರೂಢಿಯಲ್ಲಿರುವ ಒಪ್ಪಂದಗಳ ಪ್ರಕಾರ ಅದು ಶೇ. 5 ಮಾತ್ರ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆ ಲಾಭ ಎಂಬುದು ಹುಟ್ಟುವ ಮೊದಲು ಹಣ ಯಾರ್‍ಯಾರ ಕೈದಾಟಿ ಬರುತ್ತದೆ ಎಂಬುದು. ಕಾಲುವೆಯ ನೀರು ಮೇಲಿನ ಹೊಲಗಳನ್ನು ತಣಿಸಿದ ಮೇಲೆಯೇ ಕೊನೆಯ ಹೊಲಕ್ಕೆ ಇಳಿಯುವಂತೆ ಸಿನಿಮಾದ ಹಣವೂ ಇಳಿಯುತ್ತದೆ. ಈ ಉದ್ಯಮದವರು ಅದನ್ನು ‘ವಾಟರ್‌ಫಾಲ್’ ಎನ್ನುತ್ತಾರೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸಿನಿಮಾಕ್ಕೆ ತಗುಲಿದ್ದು 100 ಲಕ್ಷ, ಅಷ್ಟೂ ಹೂಡಿಕೆದಾರರದ್ದು. ಟಿಕೆಟ್ ಮಾರಾಟದಿಂದ 400 ಲಕ್ಷ ಬಂತು. ಚಿತ್ರಮಂದಿರಗಳು ಅರ್ಧದಷ್ಟನ್ನು ಇಟ್ಟುಕೊಂಡರೆ ವಿತರಕನಿಗೆ ಸೇರುವುದು 200 ಲಕ್ಷ. ಅದರಲ್ಲಿ ಅವನ ಕಮಿಷನ್ ಶೇ. 30ರಂತೆ 60 ಲಕ್ಷ, ಪ್ರಚಾರ ಮತ್ತು ಪ್ರಿಂಟಿನ ಖರ್ಚು 80 ಲಕ್ಷ (ರೀಲುಗಳು ಹೋಗಿ ಹಾರ್ಡ್‌ಡಿಸ್ಕ್ ಬಂದು ಎಷ್ಟೋ ಕಾಲವಾದರೂ ಲೆಕ್ಕದ ಪುಸ್ತಕದಲ್ಲಿ ‘ಪ್ರಿಂಟ್’ ಇನ್ನೂ ಉಳಿದಿದೆ). ಉಳಿದ 60 ಲಕ್ಷದಲ್ಲಿ, ನಿರ್ಮಾಪಕರ ಪರವಾಗಿ ಸಿನಿಮಾದ ಹಕ್ಕುಗಳನ್ನು ಮಾರಿಕೊಡುವ ಸೇಲ್ಸ್ ಏಜೆಂಟ್ ಶೇ. 20ರಂತೆ 12 ಲಕ್ಷವನ್ನೂ ತನ್ನ ಖರ್ಚೆಂದು 8 ಲಕ್ಷವನ್ನೂ ಹಿಡಿದುಕೊಳ್ಳುತ್ತಾನೆ. ನಿರ್ಮಾಪಕರ ಖಾತೆಗೆ ಬಂದಿದ್ದು 40 ಲಕ್ಷ. ಆಮೇಲೆ ಒಟಿಟಿ ಮತ್ತು ಟಿವಿ ಹಕ್ಕುಗಳು 100 ಲಕ್ಷಕ್ಕೆ ಮಾರಾಟವಾದವೆನ್ನೋಣ, ಏಜೆಂಟನ ಶೇ. 20 ಕಳೆದು 80 ಲಕ್ಷ ಸೇರಿದಾಗ ಒಟ್ಟು 120 ಲಕ್ಷವಾಯಿತು.

ಬ್ಯಾಂಕಿನ ಸಾಲವೇನಾದರೂ ಇದ್ದಿದ್ದರೆ ಅದು ಎಲ್ಲರಿಗಿಂತ ಮೊದಲು ತೀರಬೇಕಿತ್ತು. ಇಲ್ಲಿ ಇಲ್ಲವಾದ್ದರಿಂದ ಹೂಡಿಕೆದಾರರಿಗೆ ಮೊದಲು ಅಸಲು 100 ಲಕ್ಷ ಹಿಂತಿರುಗುತ್ತದೆ, ಅದರ ಮೇಲೆ ಅಪಾಯಕ್ಕೆ ಒಡ್ಡಿಕೊಂಡದ್ದಕ್ಕಾಗಿ ಸಾಮಾನ್ಯವಾಗಿ ಶೇ. 10ರಿಂದ 20ರವರೆಗೆ ಪ್ರೀಮಿಯಂ ಕೊಡುವ ವಾಡಿಕೆಯಿದೆ. ಶೇ. 20 ಎಂದಿದ್ದರೆ 120 ಲಕ್ಷವೂ ಅಲ್ಲಿಗೆ ಮುಗಿಯಿತು. 500 ಲಕ್ಷದ ವಹಿವಾಟು ನಡೆಸಿದ ಸಿನಿಮಾದ ನಿರ್ದೇಶಕನ ಪಾಲಿಗೆ ಬಂದಿದ್ದು ಸೊನ್ನೆ, ಮತ್ತು ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ.

ಇದರ ನಂತರ ಬರುವ ಪ್ರತಿ ಹಣದಲ್ಲೂ, ಸಂಭಾವನೆಯನ್ನು ಮುಂದಕ್ಕೆ ಹಾಕಿಕೊಂಡು ದುಡಿದ ಕಲಾವಿದರ ಮತ್ತು ತಂತ್ರಜ್ಞರ ಬಾಕಿ ತೀರಿದ ಮೇಲೆ, ಅರ್ಧ ಹೂಡಿಕೆದಾರರಿಗೆ, ಅರ್ಧ ನಿರ್ಮಾಪಕರ ಕಡೆಗೆ ಹೋಗುತ್ತದೆ. ಹಾಗೆ 10 ಲಕ್ಷ ಬಂದರೆ, ಶೇ. 10 ಹಾಕಿದವರಿಗೆ ದಕ್ಕುವುದು ಹೂಡಿಕೆದಾರರ 5 ಲಕ್ಷದಲ್ಲಿ ಹತ್ತನೆಯ ಒಂದು ಭಾಗ, ಅಂದರೆ 50 ಸಾವಿರ. ನಿರ್ದೇಶಕ, ನಟ, ಬರಹಗಾರರಿಗೆ ಮಾತು ಕೊಟ್ಟ ಪಾಲುಗಳೆಲ್ಲ ನಿರ್ಮಾಪಕರ ಅರ್ಧದಿಂದಲೇ ಹೋಗಬೇಕು. ಇಲ್ಲೊಂದು ಸಣ್ಣ ಪದ ದೊಡ್ಡ ಕೆಲಸ ಮಾಡುತ್ತದೆ: ನಿರ್ದೇಶಕನಿಗೆ ‘ಒಟ್ಟು ನಿವ್ವಳ ಲಾಭದ ಶೇ. 5’ ಎಂದು ಬರೆದಿದ್ದರೆ 50 ಸಾವಿರ, ‘ನಿರ್ಮಾಪಕರ ನಿವ್ವಳ ಪಾಲಿನ ಶೇ. 5’ ಎಂದಿದ್ದರೆ 25 ಸಾವಿರ. ಸಹಿ ಹಾಕುವ ದಿನ ಈ ವ್ಯತ್ಯಾಸ ಕಂಡವರನ್ನು ಬೆರಳಲ್ಲಿ ಎಣಿಸಬಹುದು.

‘ನಿವ್ವಳ’ ಎಂಬ ಪದವನ್ನು ಕಂಡರೆ ನನಗೆ ಸ್ವಲ್ಪ ಅಳುಕು. ಅಮೆರಿಕದ ಹಾಸ್ಯ ಅಂಕಣಕಾರ ಆರ್ಟ್ ಬುಕ್‌ವಾಲ್ಡ್ ಪ್ಯಾರಾಮೌಂಟ್ ಸ್ಟುಡಿಯೊ ಮೇಲೆ ಹೂಡಿದ ದಾವೆಯಲ್ಲಿ, ಭರ್ಜರಿ ಗಳಿಕೆಯ ಸಿನಿಮಾಕ್ಕೂ ನಿವ್ವಳ ಲಾಭವೇ ಇಲ್ಲವೆಂದು ಸ್ಟುಡಿಯೊ ವಾದಿಸಿತ್ತು. ಆ ಲೆಕ್ಕದ ಸೂತ್ರದ ಕೆಲವು ಅಂಶಗಳು ನ್ಯಾಯಸಮ್ಮತವಲ್ಲವೆಂದು 1990ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯ ಹೇಳಿತು. ಅದು ದೊಡ್ಡ ಸ್ಟುಡಿಯೊದ ಕಥೆಯಾದರೂ, ಏನೇನು ಕಳೆದ ಮೇಲೆ ‘ನಿವ್ವಳ’ ಎನ್ನಬೇಕೆಂಬ ಜಗಳ ಸಣ್ಣ ಸಿನಿಮಾಗಳಲ್ಲೂ ಇದೆ. ನಾನು ನೋಡಿದ ಒಂದು ಲೆಕ್ಕಪಟ್ಟಿಯಲ್ಲಿ ವಿತರಕರು ತಮ್ಮ ಆರು ಸಿನಿಮಾಗಳಿಗಾಗಿ ಮಾಡಿದ ಚಿತ್ರೋತ್ಸವ ಪ್ರವಾಸದ ಪೂರ್ತಿ ಖರ್ಚನ್ನು ಒಂದೇ ಸಿನಿಮಾದ ತಲೆಗೆ ಕಟ್ಟಿದ್ದರು. ಕೇಳಿದಾಗ ತಿದ್ದಿದರು, ಕೇಳುವ ಹಕ್ಕು ಒಪ್ಪಂದದಲ್ಲಿ ಇದ್ದದ್ದರಿಂದಷ್ಟೇ ಅದು ಸಾಧ್ಯವಾಯಿತು.

ಆದ್ದರಿಂದ ಹಣ ಹಾಕುವವರಿಗೆ ನಾನು ಹೇಳುವುದಿಷ್ಟು: ಶೇಕಡಾವಾರಿನ ಚೌಕಾಸಿಗೆ ಇಳಿಯುವ ಮೊದಲು ವಿತರಕರ ಖರ್ಚಿಗೆ ಗರಿಷ್ಠ ಮಿತಿ ಬರೆಸಿ, ಒಂದು ಪ್ರದೇಶದ ನಷ್ಟವನ್ನು ಇನ್ನೊಂದರ ಗಳಿಕೆಯಿಂದ ತುಂಬಿಕೊಳ್ಳುವ ಷರತ್ತನ್ನು ತೆಗೆಸಿ, ಸಾಧ್ಯವಾದರೆ ಹಣವೆಲ್ಲ ತಟಸ್ಥ ಸಂಸ್ಥೆಯೊಂದರ ಖಾತೆಗೆ ಬಂದು ಅಲ್ಲಿಂದಲೇ ಒಪ್ಪಂದದ ಕ್ರಮದಲ್ಲಿ ಹಂಚಿಕೆಯಾಗಲಿ. ಲೆಕ್ಕ ತಪಾಸಣೆಯ ಹಕ್ಕಿಗೆ ಕಾಲಮಿತಿ ಎಷ್ಟೆಂದೂ ನೋಡಿಕೊಳ್ಳಿ. ಅದು ಸಾಮಾನ್ಯವಾಗಿ ಯಾರೂ ಓದದ ಕೊನೆಯ ಪುಟಗಳಲ್ಲಿರುತ್ತದೆ.