ಸಿಪ್ಯಾಪ್ ಹಾಕ್ಕೊಂಡು ಮಲಗೋಕೆ ಆಗ್ದೇ ಇರೋರಿಗೆ ಬೇರೆ ಏನಿದೆ?

ಸ್ಲೀಪ್ ಅಪ್ನಿಯಾ, ಅಂದ್ರೆ ನಿದ್ದೇಲಿ ಗಂಟಲ ದಾರಿ ಮುಚ್ಚಿ ಮತ್ತೆ ಮತ್ತೆ ಉಸಿರು ನಿಲ್ಲೋದು, ಅದ್ರಿಂದ ಹಗಲು ತೂಕಡಿಕೆ ಬರೋದು. ಹಾಗಂತ ರಿಪೋರ್ಟ್ ಬಂದ ತಕ್ಷಣ ಡಾಕ್ಟ್ರು ಹೇಳೋದು ಸಿಪ್ಯಾಪ್ ಮೆಷಿನ್, ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲ ದಾರಿ ತೆರೆದಿಡೋ ಯಂತ್ರ. ಆಸ್ಟ್ರೇಲಿಯಾದ ಡಾಕ್ಟ್ರು ಕಾಲಿನ್ ಸಲ್ಲಿವನ್ ಅದ್ರ ಬಗ್ಗೆ ಬರೆದಿದ್ದು 1981ರಲ್ಲಿ, ಇವತ್ತಿಗೂ ಮೊದಲ ಆಯ್ಕೆ ಅದೇ. ಆದ್ರೆ ನಮ್ಮಪ್ಪಂಗೆ ಅದು ಒಗ್ಗಲೇ ಇಲ್ಲ. ಮೂಗಿನ ಪಕ್ಕ ಗಾಳಿ ಸೋರೋದು, ಬೆಳಗ್ಗೆ ನಾಲಿಗೆ ಒಣಗಿ ಅಂಟ್ಕೊಂಡಿರೋದು, ನಡುರಾತ್ರಿ ಯಾವಾಗ್ಲೋ ಮಾಸ್ಕ್ ಕಿತ್ತು ದಿಂಬಿನ ಪಕ್ಕ ಇಟ್ಬಿಡೋರು. ಮಾಸ್ಕ್ ಸೈಜ್ ಬದಲಾಯಿಸೋದು, ಗಾಳಿಗೆ ತೇವ ಕೊಡೋ ಹ್ಯುಮಿಡಿಫೈಯರ್ ಹಾಕ್ಸೋದು, ಪ್ರೆಷರ್ ನಿಧಾನಕ್ಕೆ ಏರೋ ಹಾಗೆ ಸೆಟ್ ಮಾಡ್ಸೋದು, ಇಷ್ಟರಲ್ಲೇ ಬಹಳ ಜನಕ್ಕೆ ಸರಿ ಹೋಗುತ್ತೆ, ಹಾಗಾಗಿ ಮೊದಲು ಅದನ್ನ ನೋಡಿ. ಅದೂ ಆಗ್ಲಿಲ್ಲ ಅಂದ್ರೆ ಮುಂದಿಂದು ಓದಿ.

ಎಲ್ಲಕ್ಕಿಂತ ಮೊದಲು ನಿಮ್ಮ ಎಎಚ್ಐ ಎಷ್ಟು ಅಂತ ರಿಪೋರ್ಟಲ್ಲಿ ಹುಡುಕಿ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತೆ ಅಥವಾ ತೀರಾ ಕಮ್ಮಿ ಆಗುತ್ತೆ ಅನ್ನೋ ಲೆಕ್ಕ ಅದು, ಕನಿಷ್ಠ 10 ಸೆಕೆಂಡ್ ಆದ್ರೆ ಒಂದು ಸಲ ಅಂತ ಎಣಿಸ್ತಾರೆ. 5ರಿಂದ 15 ಅಂದ್ರೆ ಮೈಲ್ಡ್, 30 ದಾಟಿದ್ರೆ ಸಿವಿಯರ್. ಸಿವಿಯರ್ ಇರೋರು ದಯವಿಟ್ಟು ಯಾರದೋ ಮಾತು ಕೇಳಿ ಮೆಷಿನ್ ಅಟ್ಟಕ್ಕೆ ಹಾಕ್ಬೇಡಿ.

ಅಪ್ಪಂದು ಇವೆರಡರ ಮಧ್ಯದ್ದು, ಮಾಡರೇಟ್, ಅದ್ರಲ್ಲೂ ಅಂಗಾತ ಮಲಗಿದಾಗ್ಲೇ ಜಾಸ್ತಿ. ಇದೂ ರಿಪೋರ್ಟಲ್ಲೇ ಇರುತ್ತೆ, ಕೇಳಿ ತಿಳ್ಕೊಳ್ಳಿ. ಅಂಗಾತ ಮಲಗಿದ್ರೆ ನಾಲಿಗೆ ಬುಡ ಹಿಂದಕ್ಕೆ ಜಾರಿ ಗಂಟಲ ದಾರಿ ಮುಚ್ಚುತ್ತೆ. ಮೊದಲೆಲ್ಲಾ ಅಮ್ಮ ರಾತ್ರಿಯೆಲ್ಲಾ ಎದ್ದು ಎದ್ದು "ರೀ, ಮಗ್ಗುಲಾಗ್ರೀ" ಅಂತ ಅಲ್ಲಾಡಿಸ್ತಿದ್ರು. ಈಗ ಅಪ್ಪನ ಬನಿಯನ್ ಬೆನ್ನಿಗೆ ಸೀರೆ ಫಾಲ್ಸ್ ಬಟ್ಟೆಲಿ ಒಂದು ಜೇಬು ಹೊಲಿದು ಟೆನಿಸ್ ಬಾಲ್ ಹಾಕಿ ಬಾಯಿ ಹೊಲಿದುಬಿಟ್ಟಿದ್ದಾರೆ, ಅಂಗಾತ ಹೊರಳಿದ್ರೆ ಒತ್ತುತ್ತೆ, ತಾವಾಗೇ ಮಗ್ಗುಲಾಗ್ತಾರೆ. ಹಳೇ ಉಪಾಯ, ಡಾಕ್ಟ್ರುಗಳೂ ಒಪ್ಪಿರೋದು.

ಇನ್ನೊಂದು ದಂತವೈದ್ಯರು ಅಳತೆ ತಗೊಂಡು ಮಾಡ್ಕೊಡೋ ಕ್ಲಿಪ್. ರಾತ್ರಿ ಹಾಕ್ಕೊಂಡ್ರೆ ಕೆಳದವಡೆನ ಸ್ವಲ್ಪ ಮುಂದಕ್ಕೆ ಹಿಡಿಯುತ್ತೆ, ಅದ್ರ ಜೊತೆ ನಾಲಿಗೆನೂ ಮುಂದೆ ಬಂದು ದಾರಿ ಬಿಡುತ್ತೆ. ಮೈಲ್ಡ್, ಮಾಡರೇಟ್ ಇರೋರಿಗೆ ನನ್ನ ಪ್ರಕಾರ ಇದೇ ಒಳ್ಳೇದು. ಶುರುನಲ್ಲಿ ಜೊಲ್ಲು ಸುರಿಯುತ್ತೆ, ಬೆಳಗ್ಗೆ ದವಡೆ ನೋಯುತ್ತೆ, ವರ್ಷಗಟ್ಟಲೆ ಹಾಕಿದ್ರೆ ಹಲ್ಲಿನ ಜೋಡಣೆ ಸ್ವಲ್ಪ ಬದಲಾಗಬಹುದು, ಅದಕ್ಕೆ ಆಗಾಗ ತೋರಿಸ್ತಾ ಇರ್ಬೇಕು. ಹಲ್ಲು ಬಹಳ ಬಿದ್ದೋಗಿರೋರಿಗೆ ಇದು ಕೂರಲ್ಲ.

ನಂಗೆ ತುಂಬಾ ಖುಷಿ ಕೊಟ್ಟಿದ್ದು ಶಂಖದ ವಿಷಯ. 2006ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಡಿಜರಿಡೂ ಅನ್ನೋ ಉದ್ದ ಕೊಳವೆ ವಾದ್ಯ ಊದಿಸಿ ನೋಡಿದ್ರು, ನಾಲ್ಕು ತಿಂಗಳಲ್ಲಿ ಹಗಲು ತೂಕಡಿಕೆ ಕಮ್ಮಿ ಆಯ್ತು. ಆಮೇಲೆ 2025ರಲ್ಲಿ ಜೈಪುರದ ಡಾಕ್ಟ್ರುಗಳು 30 ಜನರ ಮೇಲೆ ಮಾಡಿದ ಸ್ಟಡಿ ಬಂತು, ಒಂದು ಗುಂಪಿಗೆ ಶಂಖ ಊದೋದು, ಇನ್ನೊಂದಕ್ಕೆ ಬರೀ ದೀರ್ಘ ಉಸಿರಾಟ, ಆರು ತಿಂಗಳಾದ್ಮೇಲೆ ಶಂಖ ಊದಿದವ್ರಿಗೆ ತೂಕಡಿಕೆನೂ ಕಮ್ಮಿ, ಉಸಿರು ನಿಲ್ಲೋದೂ ಗಂಟೆಗೆ ನಾಲ್ಕೈದು ಸಲ ಕಮ್ಮಿ. ಕೆನ್ನೆ ಉಬ್ಬಿಸಿ ತುಟಿ ಬಿಗಿಹಿಡಿದು ಊದುವಾಗ ಗಂಟಲು, ಅಂಗುಳದ ಸ್ನಾಯುಗಳಿಗೆ ವ್ಯಾಯಾಮ ಆಗುತ್ತೆ. ನಮ್ಮೂರಿನ ದಾಸಯ್ಯ ಶ್ರಾವಣ ಶನಿವಾರ ಬಾಗಿಲಲ್ಲಿ ನಿಂತು ಊದೋದು ನೆನಪಾಯ್ತು, ಎಂಥ ದಮ್ಮು! ಆದ್ರೆ 30 ಜನ ಅಂದ್ರೆ ಸಣ್ಣ ಸ್ಟಡಿ, ಹಾಗಾಗಿ ಬೇರೆ ಚಿಕಿತ್ಸೆ ಜೊತೆಗೆ ಮಾಡಿ, ಅದೊಂದನ್ನೇ ನಂಬ್ಕೊಂಡು ಕೂರ್ಬೇಡಿ.

ತೂಕ ಇಳಿಸೋದಂತೂ ಇದ್ದೇ ಇದೆ, 10 ಪರ್ಸೆಂಟ್ ಇಳಿದ್ರೆ ಎಎಚ್ಐ ಸುಮಾರು ಕಾಲು ಭಾಗ ಇಳಿಯುತ್ತೆ ಅಂತಾರೆ. ಬೊಜ್ಜು ಜಾಸ್ತಿ ಇರೋರಿಗೆ ತೂಕ ಇಳಿಸೋ ಟಿರ್ಜೆಪಟೈಡ್ ಇಂಜೆಕ್ಷನ್ನನ್ನ 2024ರ ಡಿಸೆಂಬರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಕಾಯಿಲೆಗೆ ಒಪ್ಪಿದೆ, ಆದ್ರೆ ಡಾಕ್ಟ್ರ ಮಾತಿಲ್ಲದೆ ಮೆಡಿಕಲ್ ಶಾಪಿಂದ ತಂದು ಚುಚ್ಕೋಬೇಡಿ.

ರೀಲ್ಸ್ ನೋಡಿ ಗೊರಕೆ ನಿಲ್ಲಲಿ ಅಂತ ಬಾಯಿಗೆ ಟೇಪ್ ಅಂಟಿಸ್ಕೊಳ್ಳೋರಿದ್ದಾರಲ್ಲ, ಅದು ನಂಗೆ ನಿಜವಾಗ್ಲೂ ಭಯ. ಮೂಗು ಕಟ್ಟಿದ್ರೆ ಗತಿ ಏನು? ನಿದ್ದೆ ಮಾತ್ರೆ, ರಾತ್ರಿ ಡ್ರಿಂಕ್ಸ್ ಎರಡೂ ಗಂಟಲನ್ನ ಇನ್ನೂ ಸಡಿಲ ಮಾಡುತ್ತೆ.

ಯಾವ್ದೇ ದಾರಿ ಹಿಡೀರಿ, ಕೆಲವು ತಿಂಗಳು ಬಿಟ್ಟು ಸ್ಲೀಪ್ ಟೆಸ್ಟ್ ಮತ್ತೆ ಮಾಡಿಸ್ಲೇಬೇಕು, ಗೊರಕೆ ನಿಂತ ಮಾತ್ರಕ್ಕೆ ಉಸಿರು ನಿಲ್ಲೋದೂ ನಿಂತಿದೆ ಅಂತಲ್ಲ. ಅಪ್ಪಂಗೆ ಆ ದವಡೆ ಕ್ಲಿಪ್ ಹಾಕ್ಕೊಂಡೇ ಟೆಸ್ಟ್ ಮಾಡ್ಸೋದಿದೆ, ತೂಕಡಿಕೆ ಭಯಕ್ಕೆ ಅಲ್ಲೀವರೆಗೂ ರಾತ್ರಿ ಹೊತ್ತು ಅವ್ರ ಕೈಗೆ ಕಾರು ಕೊಡ್ತಿಲ್ಲ.