ಎರಡೂ ಕಡೆ ಚೆಂದ ಕಾಣುವ ಕೇಬಲ್ ಮಫ್ಲರ್: ಡಿಸೈನ್ ಎಲ್ಲಿಗೆ ಬಂತು

ಮಫ್ಲರ್, ಕೌಲ್ (ತಲೆಯ ಮೇಲಿಂದ ಇಳಿಸಿಕೊಳ್ಳುವ ಕುತ್ತಿಗೆ ಬಳೆ), ಬೆರಳಿಲ್ಲದ ಗ್ಲೌಸ್, ಮೂರೂ ಒಂದೇ ಕೇಬಲ್ ಡಿಸೈನಿನಲ್ಲಿ ಬರಬೇಕು ಅಂತ ಶುರು ಮಾಡಿದ ಉಲ್ಲನ್ ಹೆಣಿಗೆಯ ಸೆಟ್ ಇದು. ಮಫ್ಲರ್ ಅರ್ಧಕ್ಕಿಂತ ಜಾಸ್ತಿ ಆಗಿದೆ. ಕೌಲ್‌ನ ಲೆಕ್ಕ ಮುಗಿದಿದೆ, ಇನ್ನೂ ಕಡ್ಡಿಗೆ ಏರಿಸಿಲ್ಲ. ಗ್ಲೌಸ್ ಕಾಗದದ ಮೇಲೇ ಇದೆ.

ಕೇಬಲ್ ಅಂದ್ರೆ ಸಾಮಾನ್ಯವಾಗಿ ಪರ್ಲ್ (ಉಬ್ಬುಉಬ್ಬಾದ ಕುಣಿಕೆ) ಹಿನ್ನೆಲೆಯ ಮೇಲೆ ಎದ್ದು ಕಾಣುವ ನಿಟ್ (V ಆಕಾರದ ನುಣುಪು ಕುಣಿಕೆ) ಜಡೆ, ಅಲ್ವಾ? ಸ್ವೆಟರ್‌ಗೆ ಅದು ಸರಿ, ಒಳಭಾಗ ಯಾರಿಗೂ ಕಾಣುವುದಿಲ್ಲ. ಮಫ್ಲರ್ ಹಾಗಲ್ಲ. ಕುತ್ತಿಗೆಗೆ ಒಂದು ಸುತ್ತು ಹಾಕಿ ಬಿಟ್ಟರೆ ಒಂದು ತುದಿ ಮುಖ ತೋರಿಸುತ್ತದೆ, ಇನ್ನೊಂದು ಬೆನ್ನು ತೋರಿಸುತ್ತದೆ, ಗಾಳಿ ಬಂದರೆ ಎರಡೂ ಅದಲುಬದಲಾಗುತ್ತವೆ. ಬೆನ್ನು ನೋಡಲಾಗದ ಮಫ್ಲರ್ ನನ್ನ ಪ್ರಕಾರ ಅರ್ಧ ಡಿಸೈನ್ ಅಷ್ಟೇ. ಹಾಗಾಗಿ ಮಾಮೂಲಿ ಕೇಬಲ್ ಬಿಟ್ಟು ರಿಬ್ ಕೇಬಲ್ ಹಿಡಿದೆ.

ಇದು ಕೆಲಸ ಮಾಡುವ ರೀತಿ ಸರಳ. ರಿಬ್ ಅಂದರೆ ಒಂದು ನಿಟ್ ಒಂದು ಪರ್ಲ್ ಹೀಗೆ ಸರದಿಯಲ್ಲಿ ಹೆಣೆಯುವುದು, ಹಾಗೆ ಹೆಣೆದರೆ ಪರ್ಲ್ ಕಂಬಗಳು ಒಳಕ್ಕೆ ಸರಿದು ನಿಟ್ ಕಂಬಗಳು ಮಾತ್ರ ಎದುರಿಗೆ ನಿಲ್ಲುತ್ತವೆ. ತಿರುಗಿಸಿ ನೋಡಿದರೂ ಹಾಗೇ, ಯಾಕೆಂದರೆ ಈ ಕಡೆಯ ಪರ್ಲ್ ಆ ಕಡೆಗೆ ನಿಟ್. ಈಗ 12 ಕುಣಿಕೆ ತೆಗೆದುಕೊಂಡು, ಮೊದಲ 6 ಕುಣಿಕೆಗಳನ್ನು ಕೇಬಲ್ ಕಡ್ಡಿಯಲ್ಲಿ ಹಿಡಿದಿಟ್ಟು, ಮುಂದಿನ 6ನ್ನು ರಿಬ್‌ನಲ್ಲೇ ಹೆಣೆದು, ಆಮೇಲೆ ಹಿಡಿದಿಟ್ಟದ್ದನ್ನೂ ರಿಬ್‌ನಲ್ಲೇ ಹೆಣೆದರೆ, ಎರಡೂ ಮುಖದಲ್ಲಿ ಜಡೆ ಬೀಳುತ್ತದೆ. ದಾಟಿಸುವಾಗಲೂ ರಿಬ್ ಮುರಿಯಬಾರದು, ಗುಟ್ಟು ಅಷ್ಟೇ.

ಅಗಲ ಮಾತ್ರ ಸುಮ್ನೆ ಊಹಿಸುವ ವಿಷಯ ಅಲ್ಲ. ನನ್ನ ಉಲ್ಲನ್‌ಗೆ 5 ಮಿಮೀ ಕಡ್ಡಿಯಲ್ಲಿ ಸಾದಾ ಹೆಣಿಗೆ 10 ಸೆಂಮೀಗೆ 18 ಕುಣಿಕೆ ಬರುತ್ತದೆ. ಮಫ್ಲರ್‌ಗೆ ಹಾಕಿರುವುದು 48 ಕುಣಿಕೆ: 12ರ ಮೂರು ಕೇಬಲ್, ನಡುವೆ ನಾಲ್ಕು ನಾಲ್ಕು ಕುಣಿಕೆಯ ರಿಬ್, ಎರಡು ಅಂಚಿಗೆ ಎರಡೆರಡು. ಸಾದಾ ಹೆಣಿಗೆಯಲ್ಲಿ ಇಷ್ಟೇ ಕುಣಿಕೆ ಹೆಚ್ಚುಕಡಿಮೆ 27 ಸೆಂಮೀ ಅಗಲ ಆಗಬೇಕು. ಇಲ್ಲಿ ಬಂದಿರುವುದು 18. ರಿಬ್ ಒಂದು ಪಾಲು ಎಳೆದುಕೊಳ್ಳುತ್ತದೆ, ಕೇಬಲ್ ಇನ್ನೊಂದು ಪಾಲು. ಸಾದಾ ಹೆಣಿಗೆಯ ಗೇಜ್ (10 ಸೆಂಮೀಗೆ ಎಷ್ಟು ಕುಣಿಕೆ ಅನ್ನುವ ಲೆಕ್ಕ) ನೋಡಿ ಕೇಬಲ್ ಮಫ್ಲರ್ ಶುರು ಮಾಡುವವರ ಕೈಗೆ ಕೊನೆಗೆ ಟೈ ಸಿಗುತ್ತದೆ. ಮಾದರಿ ತುಂಡನ್ನು ಅದೇ ಕೇಬಲ್‌ನಲ್ಲೇ ಹೆಣೆಯಬೇಕು, ತೊಳೆದು ಒಣಗಿಸಿ ಆಮೇಲೆ ಅಳೆಯಬೇಕು.

ತೊಳೆಯುವ ಮಾತು ಬಂತಲ್ಲ, ಒಣಗಿದ ತುಂಡಿಗೆ ಬಟ್ಟೆ ಕ್ಲಿಪ್‌ಗಳನ್ನು ಸಿಕ್ಕಿಸಿ ಒಂದು ರಾತ್ರಿ ನೇತು ಹಾಕಿದೆ. ಮಫ್ಲರ್ ತನ್ನ ಭಾರಕ್ಕೇ ಉದ್ದ ಆಗುತ್ತದೆ, ಅದು ಎಷ್ಟು ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಮಷಿನ್‌ನಲ್ಲಿ ತೊಳೆಯಬಹುದಾದ ಸೂಪರ್‌ವಾಶ್ ಉಲ್ಲನ್ ಆದರೆ ಇನ್ನೂ ಎಚ್ಚರ ಬೇಕು. ಮಾಮೂಲಿ ಉಲ್ಲನ್ ಎಳೆಯ ಮೇಲೆ ಸಣ್ಣ ಹೊರಪದರುಗಳು ಇರುತ್ತವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಹೆಣಿಗೆಯನ್ನು ಹಿಡಿದಿಡುತ್ತವೆ. ಸೂಪರ್‌ವಾಶ್‌ನಲ್ಲಿ ಆ ಪದರುಗಳನ್ನು ಸವೆಸಿರುತ್ತಾರೆ ಅಥವಾ ಮುಚ್ಚಿರುತ್ತಾರೆ, ಹಾಗಾಗಿ ನೀರು ತಾಗಿದ ಮೇಲೆ ಹೆಣಿಗೆ ಸಡಿಲ ಬಿಡುತ್ತದೆ. ಅಲ್ಪಾಕಾ ಅನ್ನುವ ಪ್ರಾಣಿಯ ಉಣ್ಣೆ ಮೈಗೆ ಹಿತ, ಆದರೆ ಅದರಲ್ಲಿ ಸ್ಪ್ರಿಂಗ್ ಕಡಿಮೆ, ರಿಬ್ ಬೇಗ ಚಪ್ಪಟೆ ಆಗುತ್ತದೆ. ಈ ಡಿಸೈನ್‌ಗೆ ಎರಡು ಮೂರು ಎಳೆ ಸೇರಿಸಿ ಹೊಸೆದ, ಪುಟಿಯುವ, ಒಂದೇ ಬಣ್ಣದ ಉಲ್ಲನ್ನೇ ಬೇಕು. ಬಣ್ಣಬಣ್ಣದ ಉಂಡೆಯಲ್ಲಿ ಇಷ್ಟೆಲ್ಲ ಕೇಬಲ್ ತಿರುಗಿಸಿ ಏನು ಪ್ರಯೋಜನ, ಕಾಣುವುದೇ ಇಲ್ಲ!

ದಾಟಿಸುವುದು 12 ಸಾಲಿಗೊಮ್ಮೆ. ಮೂರು ಕೇಬಲ್‌ಗಳೂ ಒಂದೇ ಸಾಲಿನಲ್ಲಿ ದಾಟಿದರೆ ಆ ಸಾಲು ಸೊಂಟ ಕಟ್ಟಿದ ಹಾಗೆ ಒಳಕ್ಕೆ ಹೋಗಿ ಅಂಚು ಅಲೆಅಲೆ ಆಗುತ್ತದೆ. ನಡುವಿನ ಕೇಬಲ್ಲನ್ನು 6 ಸಾಲು ತಡವಾಗಿ ದಾಟಿಸಿದರೆ ಎಳೆತ ಹಂಚಿಹೋಗಿ ಅಂಚು ನೆಟ್ಟಗಾಗುತ್ತದೆ, ನೋಡಲಿಕ್ಕೂ ಅದೇ ಚೆಂದ. ಇನ್ನೊಂದು ವಿಷಯ. ಎರಡೂ ಮುಖ ಒಂದೇ ಥರ ಇರುವುದರಿಂದ ಯಾವ ಕಡೆಯಿಂದ ದಾಟಿಸಬೇಕು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಕಡೆ ಸೇಫ್ಟಿ ಪಿನ್ ಚುಚ್ಚಿಟ್ಟಿದ್ದೇನೆ, ಪಿನ್ ಕಂಡರೆ ಮಾತ್ರ ದಾಟಿಸುವುದು.

ಉಲ್ಲನ್ ಸಾಲುತ್ತಾ ಅನ್ನುವುದನ್ನು ತಕ್ಕಡಿ ಹೇಳುತ್ತದೆ. ನನ್ನ ಹತ್ತಿರ 100 ಗ್ರಾಂನ ಮೂರು ಉಂಡೆ ಇವೆ. ಮಫ್ಲರ್‌ನ ಪ್ರತಿ 10 ಸೆಂಮೀ ಉದ್ದಕ್ಕೆ ಸುಮಾರು 10 ಗ್ರಾಂ ಹೋಗುತ್ತಿದೆ, ಅಂದರೆ 150 ಸೆಂಮೀಗೆ 150 ಗ್ರಾಂ. ಉಳಿದ ಅರ್ಧದಲ್ಲಿ ಕೌಲ್‌ಗೆ 80ರ ಆಸುಪಾಸು, ಗ್ಲೌಸ್‌ಗೆ 30ರ ಆಸುಪಾಸು. ಸ್ವಲ್ಪ ಮಿಗುತ್ತದೆ, ಮಿಗಲಿ.

ಕೌಲ್‌ನಲ್ಲಿ ಒಂದು ಕೇಬಲ್ ಮತ್ತು ಪಕ್ಕದ ರಿಬ್ ಸೇರಿ 16 ಕುಣಿಕೆ, ಅಗಲ 6 ಸೆಂಮೀ. ಹತ್ತು ಸಲ ಬಂದರೆ 160 ಕುಣಿಕೆ, 60 ಸೆಂಮೀ ಸುತ್ತಳತೆ, ತಲೆಯ ಮೇಲಿಂದ ಸಲೀಸಾಗಿ ಇಳಿಯುತ್ತದೆ. ಎತ್ತರ 25 ಸೆಂಮೀ ಇರುವುದರಿಂದ ಮೇಲಿನ ಅಂಚು ಮಡಚಿಕೊಳ್ಳುತ್ತದೆ, ಒಳಮುಖ ಹೊರಗೆ ಬರುತ್ತದೆ. ಬರಲಿ, ಅದಕ್ಕೇ ತಾನೇ ಈ ಕೇಬಲ್.

ತಲೆನೋವು ಇದ್ದದ್ದು ಕೆಳ ಅಂಚಿನದು. ಕೇಬಲ್ ದಾಟುವ ಕಡೆ ಹೆಣಿಗೆ ಬಿಗಿ, ಅದಕ್ಕೂ ಮುಂಚಿನ ಸಾಲುಗಳಲ್ಲಿ ಆ ಬಿಗಿ ಇಲ್ಲ, ಹಾಗಾಗಿ ಅಂಚು ಲಂಗದ ಥರ ಹರಡಿಕೊಳ್ಳುತ್ತದೆ. ಇದಕ್ಕೆ 140 ಕುಣಿಕೆಯಿಂದಲೇ ಶುರು ಮಾಡಿ, ಸಣ್ಣ ಕಡ್ಡಿಯಲ್ಲಿ ಕೆಲವು ಸುತ್ತು ರಿಬ್ ಹೆಣೆದು, ರಿಬ್‌ನ ಕೊನೆಯ ಸುತ್ತಿನಲ್ಲಿ ಪ್ರತಿ ಕೇಬಲ್ ಜಾಗದಲ್ಲಿ ಎರಡು ಕುಣಿಕೆ ಹೆಚ್ಚಿಸುವುದು. ಮುಗಿಸುವಾಗ ಉಲ್ಟಾ: ಹೆಚ್ಚಿಸಿದ ಎರಡನ್ನು ಕಡಿಮೆ ಮಾಡಿ, ಹಿಗ್ಗುವ ಹಾಗೆ ಸಡಿಲವಾಗಿ ಮುಚ್ಚುವುದು. ಮಫ್ಲರ್‌ನ ಎರಡು ತುದಿಗೂ ಇದೇ ಉಪಾಯ, ಶುರುವಿನ ತುದಿ ಆಗಲೇ ನೆಟ್ಟಗೆ ಕೂತಿದೆ.

ಬ್ಲಾಕಿಂಗ್ (ಹೆಣೆದದ್ದನ್ನು ಒದ್ದೆ ಮಾಡಿ ಆಕಾರಕ್ಕೆ ಕೂರಿಸುವುದು) ಬಗ್ಗೆ ಹೆಚ್ಚೇನಿಲ್ಲ. ಪಿನ್ ಹಾಕಿ ಎಳೆದು ಒಣಗಿಸಿದರೆ ರಿಬ್ ಸತ್ತು ಹೋಗುತ್ತದೆ. ಒದ್ದೆ ಮಾಡಿ, ಟವೆಲ್‌ನಲ್ಲಿ ಒತ್ತಿ, ಹಾಗೇ ಹರವಿ ಬಿಡುವುದು.

ಗ್ಲೌಸ್‌ಗೆ 48 ಕುಣಿಕೆ, 18 ಸೆಂಮೀ ಸುತ್ತಳತೆ. ಹೆಬ್ಬೆರಳಿನ ಸೀಳು ಕೇಬಲ್ ಮೇಲೆ ಬಂದರೆ ಜಡೆ ಹಾಳಾಗುತ್ತದೆ, ಹಾಗಾಗಿ ನಾಲ್ಕು ಕುಣಿಕೆಯ ರಿಬ್‌ನ ನಡುವೆ ಇಡುತ್ತೇನೆ. ಆ ಭಾಗವನ್ನು ಸುತ್ತಾಗಿ ಹೆಣೆಯದೆ ಹಿಂದೆ ಮುಂದೆ ಹೆಣೆದರೆ ಸೀಳು ತಾನಾಗೇ ಬರುತ್ತದೆ. ಎರಡೂ ಕೈಯ ಕೇಬಲ್ ಒಂದೇ ಕಡೆಗೆ ವಾಲಬಾರದು ಅಂತ ನನ್ನ ಆಸೆ. ಒಂದು ಕೈಗೆ ಹಿಡಿದಿಟ್ಟ ಕುಣಿಕೆಗಳು ಹೆಣಿಗೆಯ ಮುಂದೆ ಇರುತ್ತವೆ, ಇನ್ನೊಂದಕ್ಕೆ ಹಿಂದೆ. ಮಫ್ಲರ್‌ಗೆ ಇನ್ನೂ 60 ಸೆಂಮೀ ಬಾಕಿ ಇದೆ, ಅದು ಕಡ್ಡಿಯಿಂದ ಇಳಿದ ಮೇಲೆ ಮೊದಲು ಎಡಗೈ.