ಮಾತಿನಲ್ಲೇ ಸಾಗುವ ಒಂದು ದಿನ: ರೇಡಿಯೊ 4

ಹಾಡುಗಳೇ ಇಲ್ಲದ ರೇಡಿಯೊವನ್ನು ದಿನವಿಡೀ ಕೇಳುವುದಾದರೂ ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಬಿಬಿಸಿಯ ರೇಡಿಯೊ 4ರ ಹೆಸರು ಹೇಳುತ್ತೇನೆ. ಹಳೆಯ ‘ಹೋಮ್ ಸರ್ವಿಸ್’ ಇದ್ದ ಜಾಗದಲ್ಲಿ 1967ರ ಸೆಪ್ಟೆಂಬರ್ 30ರಂದು ಆರಂಭವಾದ ಬ್ರಿಟನ್ನಿನ ಈ ರಾಷ್ಟ್ರೀಯ ಕೇಂದ್ರದಲ್ಲಿ ಸುದ್ದಿ, ಸಂದರ್ಶನ, ಚರ್ಚೆ, ನಾಟಕ, ಪುಸ್ತಕವಾಚನ, ಹಾಸ್ಯ, ಪ್ರಾರ್ಥನೆ ಎಲ್ಲವೂ ಮಾತಿನ ಮೂಲಕವೇ ಬರುತ್ತವೆ. ಜಾಹೀರಾತುಗಳಿಲ್ಲ. ಅಲ್ಲಿನ ಮನೆಗಳು ಟಿವಿಗಾಗಿ ಕಟ್ಟುವ ಪರವಾನಗಿ ಶುಲ್ಕವೇ ಇದರ ಮುಖ್ಯ ಆದಾಯ. ರೇಡಿಯೊವನ್ನಷ್ಟೇ ಕೇಳುವವರು 1971ರಿಂದೀಚೆಗೆ ಏನನ್ನೂ ಕಟ್ಟಬೇಕಾಗಿಲ್ಲ. ಬೇಕಾದ ಕಾರ್ಯಕ್ರಮವನ್ನು ಬೇಕಾದಾಗ ಆಯ್ದು ಕೇಳುವ ಸೌಲಭ್ಯ ಈಗ ಎಲ್ಲರ ಕೈಯಲ್ಲೂ ಇದೆ. ಹಾಗಿದ್ದರೂ ಬೆಳಗಿನಿಂದ ಮಧ್ಯರಾತ್ರಿಯವರೆಗೆ, ಪ್ರಸಾರವಾದ ಕ್ರಮದಲ್ಲಿಯೇ ಕೇಳಿದವರಿಗೆ ಮಾತ್ರ ಈ ಕೇಂದ್ರದ ಕಸುಬು ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಆ ಕಸುಬೆಲ್ಲ ಇರುವುದು ಗಡಿಯಾರಕ್ಕೆ ತೋರುವ ವಿಧೇಯತೆಯಲ್ಲಿ.

ವಾರದ ದಿನಗಳಲ್ಲಿ ಬೆಳಗಿನ ಆರು ಗಂಟೆಗೆ ಮೊದಲೇ ನಾವಿಕರಿಗಾಗಿ ‘ಶಿಪ್ಪಿಂಗ್ ಫೋರ್‌ಕಾಸ್ಟ್’ ಎಂಬ ಕಡಲ ಹವಾಮಾನ ವರದಿಯನ್ನು ಓದುತ್ತಾರೆ. ಬ್ರಿಟಿಷ್ ದ್ವೀಪಗಳ ಸುತ್ತಲಿನ ಸಮುದ್ರವನ್ನು 31 ವಲಯಗಳಾಗಿ ವಿಂಗಡಿಸಲಾಗಿದ್ದು, ವರದಿಯು ನಾರ್ವೆಯ ಕಡೆಗಿರುವ ವೈಕಿಂಗ್‌ನಿಂದ ಹೊರಟು, ಹೆಚ್ಚುಕಡಿಮೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಿ, ಆಗ್ನೇಯ ಐಸ್‌ಲ್ಯಾಂಡ್‌ನಲ್ಲಿ ಮುಗಿಯುತ್ತದೆ. ಪ್ರತಿ ವಲಯಕ್ಕೂ ಗಾಳಿಯ ದಿಕ್ಕು ಮತ್ತು ಬಲ, ಮಳೆ, ಗೋಚರತೆ ಇವನ್ನು ಇದೇ ಅನುಕ್ರಮದಲ್ಲಿ ಹೇಳಬೇಕು. ಇಡೀ ವರದಿ ಸುಮಾರು 350 ಪದಗಳ ಮಿತಿಯೊಳಗೆ ನಿಲ್ಲಬೇಕು. ಇಷ್ಟು ಬಿಗಿಯಾದ ಬರಹದಲ್ಲಿ ಸಡಿಲವಾದ ಪದಗಳಿಗೆ ಅವಕಾಶವಿಲ್ಲ. ಬಿರುಗಾಳಿ ‘ಬೇಗ’ ಬರುತ್ತದೆ ಎಂದರೆ ಆರರಿಂದ ಹನ್ನೆರಡು ಗಂಟೆಗಳ ಒಳಗೆ ಎಂದೇ ಅರ್ಥ. ‘ಆಮೇಲೆ’ ಎಂದರೆ ಹನ್ನೆರಡು ಗಂಟೆ ಕಳೆದ ಮೇಲೆ, ಇಪ್ಪತ್ತನಾಲ್ಕು ಗಂಟೆಗಳೊಳಗೆ. ಟ್ರಫಾಲ್ಗರ್ ಎಂಬ ವಲಯವೊಂದಿದೆ. ಅಲ್ಲಿ ಬಿರುಗಾಳಿಯ ಎಚ್ಚರಿಕೆ ಇದ್ದಾಗಿನ ಹೊರತು ಅದರ ಹೆಸರು ಕೇಳಿಬರುವುದು ರಾತ್ರಿ 12.48ರ ವರದಿಯಲ್ಲಿ ಮಾತ್ರ. ಫಿಟ್ಜ್‌ರಾಯ್ ಎಂಬ ಇನ್ನೊಂದು ವಲಯಕ್ಕೆ 2002ರವರೆಗೆ ಫಿನಿಸ್ಟೆರ್ ಎಂಬ ಹೆಸರಿತ್ತು. ಸ್ಪೇನ್ ದೇಶವೂ ತನ್ನದೊಂದು ಬೇರೆ ವಲಯವನ್ನು ಅದೇ ಹೆಸರಿನಿಂದ ಕರೆಯುತ್ತಿದ್ದುದರಿಂದ ಅದನ್ನು ಬದಲಿಸಿ, ಬ್ರಿಟನ್ನಿನ ಹವಾಮಾನ ಕಚೇರಿಯನ್ನು ಸ್ಥಾಪಿಸಿದ ರಾಬರ್ಟ್ ಫಿಟ್ಜ್‌ರಾಯ್ ಅವರ ಹೆಸರನ್ನಿಟ್ಟರು. ಡಾರ್ವಿನ್ ಪ್ರಯಾಣಿಸಿದ ‘ಬೀಗಲ್’ ಹಡಗಿನ ಕಪ್ತಾನರಾಗಿದ್ದವರೂ ಇವರೇ. ಹಡಗುಗಳಿಗೆ ಇಂದು ಉಪಗ್ರಹದ ಮೂಲಕ ಇದಕ್ಕಿಂತ ವಿವರವಾದ ಮಾಹಿತಿ ಸಿಗುತ್ತದೆ, ಮತ್ತು ಈ ವರದಿಯನ್ನು ಕೇಳುವವರಲ್ಲಿ ಬಹುಪಾಲು ಜನ ದೋಣಿಯನ್ನು ಮುಟ್ಟಿದವರೂ ಅಲ್ಲ. ಆದರೂ ಅವರು ಕಿವಿಗೊಡುತ್ತಾರೆ. ಮಾತಿನ ರೇಡಿಯೊ ಹೇಗಿರಬೇಕು ಎಂದು ಕಲಿಯುವವರಿಗೆ ನಾನಾದರೆ ಮೊದಲು ಇದನ್ನೇ ಕೇಳಿಸುತ್ತಿದ್ದೆ.

ಅದಾದ ಮೇಲೆ ಎರಡು ನಿಮಿಷದ ಪ್ರಾರ್ಥನೆ, ಬಳಿಕ ಕೃಷಿ ವಾರ್ತೆ, ಆರು ಗಂಟೆಗೆ ‘ಟುಡೇ’. 1957ರಲ್ಲಿ ಆರಂಭವಾದ ಈ ಮೂರು ಗಂಟೆಗಳ ಸುದ್ದಿ ಕಾರ್ಯಕ್ರಮದಲ್ಲಿ ಎಂಟು ಗಂಟೆ ಹತ್ತು ನಿಮಿಷದ ಸಂದರ್ಶನಕ್ಕೆ ವಿಶೇಷ ಸ್ಥಾನವಿದೆ. ಮಂತ್ರಿಗಳು ಆ ಹೊತ್ತಿಗೆ ಆಡಿದ ಮಾತು ಆ ದಿನದ ಉಳಿದ ಸುದ್ದಿಗಳಿಗೆ ಆಹಾರವಾಗುತ್ತದೆ. ನನಗೆ ಇದು ಈ ಕೇಂದ್ರದ ಅತ್ಯುತ್ತಮ ಕಾರ್ಯಕ್ರಮ ಎನ್ನಿಸಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ, ಉತ್ತರ ಮುಗಿಯುವ ಮೊದಲೇ ಮತ್ತೊಂದು ಪ್ರಶ್ನೆ. ಇಬ್ಬರೂ ಎದುರಾಳಿಯ ತಪ್ಪಿಗಾಗಿ ಕಾಯುತ್ತಿರುವಾಗ ಕೇಳುವವನಿಗೆ ವಿಷಯ ದಕ್ಕುವುದು ಕಡಿಮೆ. ಇದರ ನಡುವೆಯೇ, ಏಳೂಮುಕ್ಕಾಲರ ಸುಮಾರಿಗೆ, ಯಾವುದಾದರೊಂದು ಧರ್ಮದ ಹಿನ್ನೆಲೆಯುಳ್ಳವರು ಮೂರು ನಿಮಿಷ ಯಾರ ಅಡ್ಡಿಯೂ ಇಲ್ಲದೆ ಚಿಂತನೆಯೊಂದನ್ನು ಓದುತ್ತಾರೆ. ಅವರ ವಿಚಾರವನ್ನು ಒಪ್ಪದಿದ್ದರೂ ಅಡ್ಡಿಯಿಲ್ಲದ ಆ ಮೂರು ನಿಮಿಷವನ್ನು ನಾನು ಇಷ್ಟಪಡುತ್ತೇನೆ.

ಗಂಟೆ ತುಂಬುವಾಗ ಆರು ಪಿಪ್ ಸದ್ದುಗಳು ಕೇಳಿಸುತ್ತವೆ. 1924ರ ಫೆಬ್ರವರಿಯಲ್ಲಿ ಆರಂಭವಾದ ಈ ಗ್ರೀನಿಚ್ ಕಾಲಸೂಚನೆಯಲ್ಲಿ ಆರನೆಯ ಸದ್ದು ಮಾತ್ರ ದೀರ್ಘ. ಅದು ಮೊದಲಾಗುವ ಕ್ಷಣವೇ ಹೊಸ ಗಂಟೆಯ ಆರಂಭ. ಆ ಸದ್ದುಗಳ ಮೇಲೆ ಮಾತು ಚಾಚಿಕೊಂಡರೆ ನಿರೂಪಕರಿಗೆ ಅವಮಾನವಾದಂತೆ. ಆದ್ದರಿಂದ ಎಷ್ಟೇ ದೊಡ್ಡ ನಾಯಕರ ಸಂದರ್ಶನವಾದರೂ ಒಂಬತ್ತು ಗಂಟೆಗೆ ಕೆಲವು ಸೆಕೆಂಡುಗಳಿರುವಾಗ ನಯವಾಗಿ ಕತ್ತರಿಸಲ್ಪಡುತ್ತದೆ. ವಿಪರ್ಯಾಸವೆಂದರೆ ಡಿಜಿಟಲ್ ರೇಡಿಯೊದಲ್ಲಿಯೂ ಇಂಟರ್‌ನೆಟ್‌ನಲ್ಲಿಯೂ ಧ್ವನಿ ಕೆಲವು ಸೆಕೆಂಡು ತಡವಾಗಿ ತಲುಪುತ್ತದೆ. ನನ್ನಂತೆ ಇಂಟರ್‌ನೆಟ್‌ನಲ್ಲಿ ಕೇಳುವವರು ಇವುಗಳನ್ನು ನಂಬಿ ಗಡಿಯಾರ ಸರಿಪಡಿಸಿಕೊಳ್ಳುವಂತಿಲ್ಲ.

ಗುರುವಾರದ ಒಂಬತ್ತು ಗಂಟೆ ಎಂದರೆ ಬಹುಕಾಲದಿಂದ ‘ಇನ್ ಅವರ್ ಟೈಮ್’. 1998ರಲ್ಲಿ ಮೆಲ್ವಿನ್ ಬ್ರ್ಯಾಗ್ ಆರಂಭಿಸಿ 25 ವರ್ಷಗಳಿಗೂ ಹೆಚ್ಚು ಕಾಲ ನಡೆಸಿಕೊಟ್ಟ ಕಾರ್ಯಕ್ರಮ ಇದು. ಮೂವರು ವಿಶ್ವವಿದ್ಯಾಲಯದ ಅಧ್ಯಾಪಕರು, ಒಂದು ವಿಷಯ, ಮುಕ್ಕಾಲು ಗಂಟೆ. ಹಿನ್ನೆಲೆ ಸಂಗೀತವಿಲ್ಲ, ಕೇಳುಗರ ಫೋನ್ ಕರೆಗಳಿಲ್ಲ. ಒಂದು ವಾರ ಕಪ್ಪು ಕುಳಿಗಳ ಬಗ್ಗೆ ಮಾತನಾಡಿದರೆ ಮುಂದಿನ ವಾರ ಮಧ್ಯಯುಗದ ಸಾಮ್ರಾಜ್ಞಿಯೊಬ್ಬಳ ಬಗ್ಗೆ. ಬ್ರ್ಯಾಗ್ ಅವರಲ್ಲಿ ನಾನು ಮೆಚ್ಚಿಕೊಂಡದ್ದು ಅವರ ಅಸಹನೆ: ವಿದ್ವಾಂಸರು ಪೀಠಿಕೆಯಲ್ಲೇ ಕಾಲಹರಣ ಮಾಡತೊಡಗಿದರೆ, ಮುಂದಕ್ಕೆ ಹೋಗೋಣ ಎನ್ನುವ ಧಾಟಿಯಲ್ಲಿ ಅವರನ್ನು ದಾರಿಗೆ ತರುತ್ತಿದ್ದರು. ಅದೇ ಮಾತುಕತೆಗೆ ಎರಡು ಗಂಟೆ ಕೊಟ್ಟಿದ್ದರೆ ತಿಳಿವಳಿಕೆ ಇಮ್ಮಡಿಯಾಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಅವಧಿಯ ಮಿತಿಯೇ ಇಲ್ಲದ ಇಂದಿನ ಅನೇಕ ಪಾಡ್‌ಕಾಸ್ಟ್‌ಗಳನ್ನು ಕೇಳಿದ ಮೇಲಂತೂ ಈ ಅಭಿಪ್ರಾಯ ಗಟ್ಟಿಯಾಗಿದೆ.

ಹತ್ತು ಗಂಟೆಯ ‘ವುಮನ್ಸ್ ಅವರ್’ 1946ರಷ್ಟು ಹಳೆಯದು. ಮಹಿಳೆಯರಿಗಾಗಿ ಆರಂಭವಾದ ಅದರ ಮೊದಲ ನಿರೂಪಕರು ಒಬ್ಬ ಪುರುಷ ಎಂಬುದು ಆ ಕಾಲದ ಬಗ್ಗೆ ಸಾಕಷ್ಟು ಹೇಳುತ್ತದೆ. ಮಧ್ಯಾಹ್ನದ ಗ್ರಾಹಕ ಕಾರ್ಯಕ್ರಮವನ್ನೂ ಒಂದು ಗಂಟೆಗೆ ಬರುವ ಸುದ್ದಿಯನ್ನೂ ನಾನು ಬೇರೆ ಕೆಲಸ ಮಾಡುತ್ತಲೇ ಕೇಳುತ್ತೇನೆ. ಎರಡೂಕಾಲಕ್ಕೆ ಬಾನುಲಿ ನಾಟಕ ಬರುತ್ತದೆ. ಇದರ ಗುಣಮಟ್ಟ ಏಕಪ್ರಕಾರವಾಗಿಲ್ಲ; ಬಾಗಿಲು ಬಡಿಯುವ ಸದ್ದು, ಲೋಟ ತಟ್ಟೆಗಳ ಸದ್ದುಗಳೇ ಹೆಚ್ಚಾಗಿ, ಪಾತ್ರಗಳು ತಮ್ಮ ಕಣ್ಣಿಗೆ ಬಿದ್ದುದನ್ನೆಲ್ಲ ನಮಗಾಗಿ ಬಾಯಿಬಿಟ್ಟು ವರ್ಣಿಸತೊಡಗಿದರೆ ನಾಟಕ ಅಲ್ಲಿಗೇ ಸೋಲುತ್ತದೆ.

ಆ ತೊಡಕಿನಿಂದ ಬಹುಮಟ್ಟಿಗೆ ಪಾರಾದದ್ದು ಸಂಜೆ ಏಳಕ್ಕೆ ಬರುವ ಧಾರಾವಾಹಿ ‘ದಿ ಆರ್ಚರ್ಸ್’. ಆಂಬ್ರಿಜ್ ಎಂಬ ಕಲ್ಪಿತ ಹಳ್ಳಿಯ ಈ ಕಥೆ ಇಡೀ ದೇಶಕ್ಕೆ ಪ್ರಸಾರವಾಗತೊಡಗಿದ್ದು 1951ರ ಜನವರಿ 1ರಿಂದ. ಯುದ್ಧಾನಂತರದ ಆಹಾರದ ಅಭಾವದ ದಿನಗಳಲ್ಲಿ ರೈತರಿಗೆ ಹೊಸ ಬೇಸಾಯ ಕ್ರಮಗಳನ್ನು ಕಥೆಯ ಮೂಲಕ ತಿಳಿಸುವುದು ಅದರ ಮೂಲ ಉದ್ದೇಶವಾಗಿತ್ತು. 1955ರ ಸೆಪ್ಟೆಂಬರ್ 22ರಂದು, ಎದುರಾಳಿ ಟಿವಿ ವಾಹಿನಿ ಐಟಿವಿಯ ಉದ್ಘಾಟನೆಯ ರಾತ್ರಿಯೇ, ಗ್ರೇಸ್ ಆರ್ಚರ್ ಎಂಬ ಪಾತ್ರವನ್ನು ಲಾಯದ ಬೆಂಕಿಗೆ ಬಲಿಕೊಟ್ಟು ಇಡೀ ದೇಶ ಅಳುವಂತೆ ಮಾಡಿದ ಚತುರತೆಯೂ ಇವರದೇ. ಈಗಲೂ ಕಂತು ಹದಿಮೂರು ನಿಮಿಷಗಳಷ್ಟು ಚಿಕ್ಕದು. ಹಿಂದಿನ ಎಪ್ಪತ್ತು ವರ್ಷಗಳ ಕಥೆ ತಿಳಿಯದವರೂ ಒಂದು ವಾರದಲ್ಲಿ ಹಳ್ಳಿಯವರೇ ಆಗಿಬಿಡಬಹುದು.

ಅದಕ್ಕೂ ಮುಂಚೆ, ಆರು ಗಂಟೆಯ ಸುದ್ದಿಗೆ ಪಿಪ್‌ಗಳ ಬದಲು ಬಿಗ್ ಬೆನ್‌ನ ಘಂಟಾನಾದವನ್ನು ನೇರವಾಗಿ ಪ್ರಸಾರ ಮಾಡುತ್ತಾರೆ. ಆರೂವರೆಯ ಹಾಸ್ಯದಲ್ಲಿ ನನಗೆ ಹಿಡಿಸಿದ್ದು ಒಂದೇ, ‘ಜಸ್ಟ್ ಎ ಮಿನಿಟ್’. ತಡವರಿಸದೆ, ಹೇಳಿದ್ದನ್ನೇ ಮತ್ತೆ ಹೇಳದೆ, ವಿಷಯ ಬಿಟ್ಟು ಕದಲದೆ ಒಂದು ನಿಮಿಷ ಮಾತನಾಡಬೇಕೆಂಬ ಆಟ ಅದು. 1967ರಿಂದಲೂ ಜನ ಅದರಲ್ಲಿ ಸೋಲುತ್ತಲೇ ಬಂದಿದ್ದಾರೆ. ಉಳಿದ ಹಾಸ್ಯ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರ ನಗು ಹೆಚ್ಚು, ನನ್ನದು ಕಡಿಮೆ.

ರಾತ್ರಿ ಹತ್ತಕ್ಕೆ ಜಗತ್ತಿನ ಸುದ್ದಿ, ಹತ್ತೂಮುಕ್ಕಾಲಕ್ಕೆ ಮಲಗುವ ಹೊತ್ತಿನ ಪುಸ್ತಕವಾಚನ. ಸಂಸತ್ತು ಸೇರಿದ ದಿನಗಳಲ್ಲಿ ಹನ್ನೊಂದೂವರೆಗೆ ‘ಟುಡೇ ಇನ್ ಪಾರ್ಲಿಮೆಂಟ್’ ಬರುತ್ತದೆ. ಉಭಯ ಸದನಗಳ ಕಲಾಪದ ನಿಷ್ಪಕ್ಷಪಾತ ವರದಿಯನ್ನು ದಿನದಿನವೂ ಕೊಡುವುದು ಬಿಬಿಸಿ ಒಪ್ಪಿಕೊಂಡಿರುವ ಕರ್ತವ್ಯಗಳಲ್ಲೊಂದು. ಸದನದ ಧ್ವನಿಯನ್ನೇ ನಿಯಮಿತವಾಗಿ ಕೇಳಿಸಲು ಅನುಮತಿ ದೊರೆತದ್ದು 1978ರಲ್ಲಿ; ಅದಕ್ಕೂ ಮೊದಲು ವರದಿಗಾರರು ಭಾಷಣಗಳನ್ನು ತಾವೇ ಓದಿ ಹೇಳಬೇಕಾಗಿತ್ತು. ಬೆಳಗ್ಗೆ ಎಂಟು ಹತ್ತಕ್ಕೆ ಅಬ್ಬರಿಸಿದ ಅದೇ ವಿಷಯ ಇಲ್ಲಿ ಮಸೂದೆಯ ಕಲಮು, ತಿದ್ದುಪಡಿ, ಮತದಾನಗಳಾಗಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಮತ್ತು ಆ ಬೆಳಗಿನ ಜಗಳದಲ್ಲಿ ಯಾರ ಮಾತಿಗೆ ಆಧಾರವಿತ್ತು ಎಂಬುದು ಎಷ್ಟೋ ಸಲ ಇಲ್ಲಿಯೇ ತಿಳಿಯುತ್ತದೆ. ಈ ಅರ್ಧ ಗಂಟೆಯನ್ನು ಆಯ್ದು ಡೌನ್‌ಲೋಡ್ ಮಾಡಿಕೊಳ್ಳುವವರು ಬಹಳ ಮಂದಿ ಇರಲಾರರು. ಪುಸ್ತಕವಾಚನ ಮುಗಿದ ಮೇಲೆ ರೇಡಿಯೊ ಆರಿಸದೆ ಬಿಟ್ಟವರೇ ಇದರ ಕೇಳುಗರೆಂದು ನನ್ನ ಗುಮಾನಿ, ನಾನೂ ಅವರಲ್ಲೊಬ್ಬ.